ಅಮ್ಮನ ಬೆನ್ನುಮೂಳೆ ಮುರಿದಾಗ ಮನೆಗೆ ಬಂದ ಸಿಸ್ಟರ್: ಶಿವಮೊಗ್ಗದಲ್ಲಿ ಮೂರು ತಿಂಗಳ ಹೋಮ್ ನರ್ಸಿಂಗ್ ರಿವ್ಯೂ

ನರ್ಸ್ ಕಳಿಸಿ ಅಂದರೆ ಏಜೆನ್ಸಿಯವರು ಮೊದಲು ಕಳಿಸಿದ್ದು ನರ್ಸ್ ಅಲ್ಲ. ಎರಡನೇ ಸಲ ಕಳಿಸಿದವರು ಮಾತ್ರ ಅಮ್ಮನನ್ನು ನಡೆಸಿಯೇ ಬಿಟ್ಟರು. ಒಂದೇ ಏಜೆನ್ಸಿ, ಒಂದೇ ಫೋನ್ ನಂಬರ್. ಹಾಗಾಗಿ ಎಷ್ಟು ಸ್ಟಾರ್ ಕೊಡಬೇಕು ಅಂತ ನನಗೇ ಗೊತ್ತಾಗುತ್ತಿಲ್ಲ. ಏಜೆನ್ಸಿ ಹೆಸರು ಹಾಕುವುದಿಲ್ಲ, ಸುಮ್ನೆ ಜಗಳ ಬೇಡ. ಶಿವಮೊಗ್ಗದಲ್ಲಿ ವಯಸ್ಸಾದವರಿಗೆ ಮನೆಗೆ ನರ್ಸ್ ಹುಡುಕುತ್ತಿದ್ದರೆ, ಅದರಲ್ಲೂ ಬೆನ್ನುಮೂಳೆ ಮುರಿದಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಳಗೆ. ಅಮ್ಮನಿಗೆ 71. ಜುಲೈ ತಿಂಗಳು, ಮಳೆ ಹೊಡೆಯುತ್ತಿತ್ತು. ಜಗಲಿಯಲ್ಲಿದ್ದ ಹಲಸಿನ ಹಣ್ಣನ್ನು ಒಳಗೆ ಒಯ್ಯೋಣ ಅಂತ ಬಗ್ಗಿ ಎತ್ತಿದರು. ಬೀಳಲಿಲ್ಲ, ಜಾರಲಿಲ್ಲ. ಬೆನ್ನಲ್ಲಿ ಏನೋ ಟಕ್ ಅಂತು ಅಂದರು, ಅಲ್ಲೇ ಕೂತರು. ನಾವು ಉಳುಕು ಅಂದುಕೊಂಡೆವು. ಎಣ್ಣೆ ಹಚ್ಚಿ ಉಜ್ಜಿದ್ದಾಯಿತು. ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಿ ಬೆನ್ನು ಎಳೆಸಿದ್ದೂ ಆಯಿತು, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ. ಎಂಟನೇ ದಿನ ಎಕ್ಸ್‌ರೇ ಮಾಡಿಸಿದಾಗ ಗೊತ್ತಾಯಿತು, ಮೂಳೆ ಮುರಿದಿದೆ ಅಂತ. ಕಾರಿನ ಮುಂದಿನ ಸೀಟು ಹಿಂದಕ್ಕೆ ಮಲಗಿಸಿ ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು. ಆ ರಸ್ತೆಯಲ್ಲಿ ಎಷ್ಟು ಹಂಪ್ ಇವೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಒಂದೊಂದಕ್ಕೂ ಅಮ್ಮ ಸೀಟಿನ ಅಂಚು ಹಿಡಿದು ಉಸಿರು ಬಿಗಿಯುತ್ತಿದ್ದರು.

ಎಂಆರ್‌ಐ ನೋಡಿ ಡಾಕ್ಟರ್ ತೋರಿಸಿದರು. ಸೊಂಟಕ್ಕಿಂತ ಸ್ವಲ್ಪ ಮೇಲೆ ಎಲ್-1 ಅನ್ನುವ ಮೂಳೆಯ ಮುಂಭಾಗ ಕುಸಿದು ಬೆಣೆಯ ಹಾಗೆ ಆಗಿತ್ತು. ಹಿಂದೆ ಎತ್ತರ, ಮುಂದೆ ಚಪ್ಪಟೆ. ಅದರ ಮೇಲಿನ ಟಿ-12 ಕೂಡ ಯಾವಾಗಲೋ ಕುಸಿದು ತಾನೇ ಕೂಡಿಕೊಂಡಿತ್ತು. ಇಂಥ ಮುರಿತದಲ್ಲಿ ಮೂರರಲ್ಲಿ ಎರಡು ಯಾರ ಗಮನಕ್ಕೂ ಬರುವುದಿಲ್ಲವಂತೆ, ವಯಸ್ಸಾಯಿತು ಬೆನ್ನು ನೋವು ಅಂತ ಬಿಟ್ಟುಬಿಡುತ್ತಾರೆ. ಆಗ ನೆನಪಾಯಿತು. ಎರಡು ವರ್ಷದಿಂದ ಅಮ್ಮ, ಈಗೀಗ ಸೀರೆಗಳು ಉದ್ದ ಬರುತ್ತಿವೆ, ನೆರಿಗೆ ಕಾಲಿಗೆ ತೊಡರುತ್ತದೆ ಅನ್ನುತ್ತಿದ್ದರು. ನಾವು ನಕ್ಕಿದ್ದೆವು. ಸೀರೆ ಉದ್ದ ಆಗಿರಲಿಲ್ಲ, ಅಮ್ಮ ಗಿಡ್ಡ ಆಗಿದ್ದರು.

ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 3.4 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಅಂತ ಲೆಕ್ಕ. ಮೂಳೆಯೊಳಗೆ ಗೆದ್ದಲು ತಿಂದ ತೊಲೆಯ ಹಾಗೆ, ಹೊರಗೆ ಆಕಾರ ಇರುತ್ತದೆ, ಒಳಗೆ ಟೊಳ್ಳು. ಹಲಸಿನ ಹಣ್ಣು ಬೇಕಾಗಿಲ್ಲ, ಜೋರಾಗಿ ಕೆಮ್ಮಿದರೂ ಸಾಕಂತೆ ಕೆಲವರಿಗೆ.

ಆಪರೇಷನ್ ಬೇಡ ಅಂದರು. ಮೂಳೆಗೆ ಸಿಮೆಂಟ್ ತುಂಬುತ್ತಾರಲ್ಲ, ವರ್ಟಿಬ್ರೋಪ್ಲಾಸ್ಟಿ, ಅದನ್ನೂ ಕೇಳಿದೆವು. ನರಕ್ಕೆ ಒತ್ತಡ ಇಲ್ಲ, ಮೊದಲು ಕಾದು ನೋಡೋಣ ಅಂದರು. 2009ರಲ್ಲಿ ಬಂದ ಎರಡು ಪರೀಕ್ಷೆಗಳಲ್ಲಿ ಸಿಮೆಂಟ್ ಹಾಕಿಸಿಕೊಂಡವರಿಗೂ, ಹಾಕಿದ ಹಾಗೆ ಮಾಡಿ ಬಿಟ್ಟವರಿಗೂ ನೋವು ಹೆಚ್ಚುಕಮ್ಮಿ ಒಂದೇ ತರಹ ಇಳಿದಿತ್ತಂತೆ. ಅಂದರೆ ಪ್ಲಾಸ್ಟರ್ ಇಲ್ಲ, ಆಪರೇಷನ್ ಇಲ್ಲ, ಮೂಳೆ ತಾನಾಗಿ ಕೂಡಿಕೊಳ್ಳಲು ಎರಡು ಮೂರು ತಿಂಗಳು. ಹಾಗಾದರೆ ಆ ಎರಡು ಮೂರು ತಿಂಗಳು ಮಾಡುವುದೇನು? ಹೇಗೆ ಹೊರಳಬೇಕು, ಹೇಗೆ ಏಳಬೇಕು, ಎಷ್ಟು ಹೊತ್ತು ಕೂರಬೇಕು, ಕಕ್ಕಸಿಗೆ ಹೇಗೆ ಹೋಗಬೇಕು, ಯಾವ ಮಾತ್ರೆ ಯಾವ ಹೊತ್ತಿಗೆ. ಚಿಕಿತ್ಸೆ ಅಂದರೆ ಇದೇ. ಇದನ್ನು ದಿನಾ ಮಾಡಿಸುವುದು ನರ್ಸ್. ನಾವು ನರ್ಸ್ ಅಂದರೆ ಇಂಜೆಕ್ಷನ್ ಚುಚ್ಚಿ ಬಿಪಿ ನೋಡುವವರು ಅಂದುಕೊಂಡಿದ್ದೆವು.

ನಾಲ್ಕು ದಿನ ಇದ್ದ ಆಸ್ಪತ್ರೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷ್‌ನಲ್ಲಿ ಲಾಗ್ ರೋಲ್, ಬ್ರೇಸ್, ರೆಸ್ಟ್ ಅಂತ ಒಂದೇ ಸಾಲು. ಏನು ಹಾಗಂದರೆ ಅಂತ ಕೇಳಿದರೆ, ಹುಷಾರಾಗಿ ನೋಡಿಕೊಳ್ಳಿ ಅಂದರು. ಇಷ್ಟೇ.

ಊರಿಗೆ ಹೋಗುವ ಹಾಗಿರಲಿಲ್ಲ, ಮನೆಗೆ ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ. ಅಣ್ಣನ ಮನೆ ವಿನೋಬನಗರದಲ್ಲಿ, ಅಲ್ಲಿಗೇ ಕರೆತಂದೆವು. ಏಜೆನ್ಸಿಗೆ ಫೋನ್ ಮಾಡಿ ನರ್ಸ್ ಬೇಕು ಅಂದೆ. ಮಾರನೇ ದಿನ ಇಪ್ಪತ್ತು ವರ್ಷದ ಒಂದು ಹುಡುಗಿ ಬಂದಳು. ಒಳ್ಳೆಯ ಹುಡುಗಿ, ನಗುಮುಖ, ಅಮ್ಮನ ತಲೆ ಬಾಚಿದಳು, ಊಟ ಮಾಡಿಸಿದಳು. ಸಂಜೆ ಅಮ್ಮನನ್ನು ಏಳಿಸುವಾಗ ಎರಡು ಕೈ ಹಿಡಿದು ಮುಂದಕ್ಕೆ ಎಳೆದಳು, ಮಲಗಿದ ಮಕ್ಕಳನ್ನು ಎಬ್ಬಿಸುತ್ತೇವಲ್ಲ ಹಾಗೆ. ಅಮ್ಮ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು. ಹುಡುಗಿಯೂ ಅತ್ತಳು. ಅವಳ ತಪ್ಪೇನಿದೆ? ಅವಳು ಪಿಯುಸಿ ಓದಿ, ಹತ್ತು ದಿನ ಏನೋ ಟ್ರೈನಿಂಗ್ ತಗೊಂಡು ಬಂದವಳು. ಕೇರ್‌ಟೇಕರ್. ಏಜೆನ್ಸಿಯವರು ಫೋನಿನಲ್ಲಿ ಅವಳನ್ನು ನರ್ಸ್ ಅಂದಿದ್ದರು, ಬಿಲ್ಲಿನಲ್ಲೂ ಹಾಗೇ ಬರೆದಿದ್ದರು. ಆರು ದಿನ ಹೀಗೇ ಹೋಯಿತು. ಅಮ್ಮ ಅಲ್ಲಾಡಲು ಹೆದರಿ ಮಲಗಿದಲ್ಲೇ ಮಲಗಿಬಿಟ್ಟರು.

ನಾನು ಜಗಳ ಮಾಡಿದೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ ಅಥವಾ ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದವರು ಮಾತ್ರ ನರ್ಸ್, ನಂಬರ್ ತೋರಿಸಿ ಅಂದೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಆಸ್ಪತ್ರೆಯ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು, ಇಡೀ ವಾರ್ಡ್ ನೋಡುವ ನಡುವೆ ಎರಡು ನಿಮಿಷ ನಿಂತು. ಆಮೇಲೆ ಏಜೆನ್ಸಿಯವರು ದಾರಿಗೆ ಬಂದರು. ಹುಡುಗಿ ಹಗಲು ಹೊತ್ತು ಇರಲಿ, ಜಿಎನ್‌ಎಂ ಮಾಡಿದ ಸಿಸ್ಟರ್ ಮೊದಲ ವಾರ ದಿನಕ್ಕೆ ಎರಡು ಸಲ ಬರಲಿ, ಆಮೇಲೆ ದಿನ ಬಿಟ್ಟು ದಿನ ಅಂತ ಒಪ್ಪಂದವಾಯಿತು. ಒಂದು ಸಲ ಬಂದರೆ 600 ರೂಪಾಯಿ. ಮೊದಲು ಜಾಸ್ತಿ ಅನ್ನಿಸಿತು.

ಸಿಸ್ಟರ್ ಶಿಕಾರಿಪುರದ ಕಡೆಯವರು. ವಯಸ್ಸು ನಲವತ್ತರ ಮೇಲೆ, ಮಾತು ಕಮ್ಮಿ. ಬಂದವರು ಅಮ್ಮನನ್ನು ಮುಟ್ಟಲೇ ಇಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಮೊದಲು ಕೇಳಿದ್ದು, ಕಕ್ಕಸಿಗೆ ಹೋಗಿ ಎಷ್ಟು ದಿನ ಆಯಿತು? ಅಮ್ಮ ನನ್ನ ಮುಖ ನೋಡಿದರು. ನಾನು ಹೊರಗೆ ಹೋದ ಮೇಲೆ ಹೇಳಿದರಂತೆ, ಐದು ದಿನ. ಜೋರು ನೋವಿನ ಮಾತ್ರೆಗಳು ಮಲ ಗಟ್ಟಿ ಮಾಡುತ್ತವೆ, ಮಲಗಿದ್ದರೆ ಇನ್ನೂ ಗಟ್ಟಿ, ತಿಣುಕಿದರೆ ಮುರಿದ ಮೂಳೆಯ ಮೇಲೇ ಒತ್ತಡ. ನಮಗೆ ಯಾರಿಗೂ ಇದು ತಲೆಗೇ ಬಂದಿರಲಿಲ್ಲ. ಡಾಕ್ಟರ್‌ಗೆ ಫೋನ್ ಮಾಡಿ ಔಷಧಿ ಬರೆಸಿಕೊಂಡರು. ಕೆಳಗೆ ಕೂರುವ ಕಕ್ಕಸು ಸದ್ಯಕ್ಕೆ ಮರೆತುಬಿಡಿ, ಕಮೋಡ್ ಕುರ್ಚಿ ತನ್ನಿ ಅಂದರು. ಅವತ್ತೇ ತಂದೆವು.

ಆಮೇಲೆ ಹೊರಳುವ ಪಾಠ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಆ ಡಿಸ್ಚಾರ್ಜ್ ಕಾಗದದ ಲಾಗ್ ರೋಲ್ ಅಂದರೆ ಇದೇ. ಅಮ್ಮ ಅಂಗಾತ ಮಲಗಿದ್ದರು. ಒಂದೊಂದೇ ಮಂಡಿ ಮಡಚಿಸಿ, ಎರಡರ ನಡುವೆ ದಿಂಬು ಇಟ್ಟರು. ಕೈ ಎದೆಯ ಮೇಲೆ. ಒಂದು ಅಂಗೈ ಅಮ್ಮನ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ. "ಅಮ್ಮಾ, ನೀವು ನಾಟಾ ಉರುಳಿಸುವುದು ನೋಡಿದ್ದೀರಲ್ವಾ? ಒಂದು ತುದಿ ಮಾತ್ರ ಉರುಳುತ್ತಾ?" ಅಂದರು. ಅಮ್ಮ, ಇಲ್ಲ ಅಂದರು. "ಹಂಗೇ. ಭುಜ, ಸೊಂಟ, ಮಂಡಿ ಒಟ್ಟಿಗೇ ಬರಬೇಕು. ನಡು ತಿರುಚಬಾರದು." ಒಂದು, ಎರಡು, ಮೂರು. ಅಮ್ಮ ಪಕ್ಕಕ್ಕೆ ಹೊರಳಿದ್ದರು. ಕೂಗಲಿಲ್ಲ. ಕಣ್ಣು ಬಿಟ್ಟು, ಆಯ್ತಾ ಅಂತ ಕೇಳಿದರು. ಹೆಚ್ಚುಕಮ್ಮಿ ಎರಡೂವರೆ ವಾರದಲ್ಲಿ ಮೊದಲ ಸಲ ನೋವಿಲ್ಲದೆ ಮಗ್ಗುಲು ಬದಲಿಸಿದ್ದು.

ಏಳುವುದಕ್ಕೆ ತಕ್ಕಡಿಯ ಲೆಕ್ಕ ಹೇಳಿದರು. ಮಂಚದ ಅಂಚಿಗೆ ಮಗ್ಗುಲಾಗಿ ಬಂದು, ಕಾಲು ಮಂಚದಿಂದ ಕೆಳಗೆ ಬಿಡುವಾಗಲೇ ಮೊಣಕೈ ಊರಿ ಮೇಲೇಳಬೇಕು. ಕಾಲಿನ ತಟ್ಟೆ ಇಳಿದಷ್ಟೂ ತಲೆಯ ತಟ್ಟೆ ಏರಬೇಕು. ಕೂತ ತಕ್ಷಣ ನಿಲ್ಲುವ ಹಾಗಿಲ್ಲ. ಅಮ್ಮನಿಗೆ ಬಿಪಿ ಮಾತ್ರೆ ಬೇರೆ ಇದೆ. ಮಲಗಿದಾಗ ಒಂದು ಸಲ, ಕೂತಾಗ ಒಂದು ಸಲ ಬಿಪಿ ನೋಡಿದರು, ಕೂತಾಗ ಇಳಿದಿತ್ತು. ಎರಡು ನಿಮಿಷ ಕಾಲಾಡಿಸುತ್ತಾ ಕೂತು ತಲೆ ಸುತ್ತಿಲ್ಲ ಅಂದರೆ ಮಾತ್ರ ನಿಲ್ಲಬೇಕು. ಈ ಪಾಠ ಅಮ್ಮನಿಗೆ ಮಾತ್ರ ಅಲ್ಲ, ನನಗೆ, ಅತ್ತಿಗೆಗೆ, ಆ ಹುಡುಗಿಗೆ, ಎಲ್ಲರಿಗೂ. ನನ್ನನ್ನೇ ಮಂಚದ ಮೇಲೆ ಮಲಗಿಸಿ ಹುಡುಗಿಯ ಕೈಯಲ್ಲಿ ಹೊರಳಿಸಿದರು. ಮೂರನೇ ದಿನಕ್ಕೆ ಹುಡುಗಿ ನನಗಿಂತ ಚೆನ್ನಾಗಿ ಕಲಿತಳು. ಏಜೆನ್ಸಿಯವರು ಹತ್ತು ದಿನದಲ್ಲಿ ಕಲಿಸದ್ದನ್ನು ಸಿಸ್ಟರ್ ಮೂರು ದಿನದಲ್ಲಿ ಕಲಿಸಿದರು. ಅದಕ್ಕೆ ಏಜೆನ್ಸಿಯವರು ಅವರಿಗೆ ಬೇರೆ ದುಡ್ಡೇನೂ ಕೊಡುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರಲ್ಲಿ ಹೇಳಿ ಅಂತ ಆಸ್ಪತ್ರೆಯಲ್ಲಿ ಕೇಳುತ್ತಿದ್ದರು. ಅಮ್ಮ ಪ್ರತಿ ಸಲವೂ, ಪರವಾಗಿಲ್ಲ ಸುಮಾರಾಗಿದೆ ಅನ್ನುತ್ತಿದ್ದರು, ಅವರು ಐದು ಅಂತ ಬರೆದುಕೊಂಡು ಹೋಗುತ್ತಿದ್ದರು. ಸಿಸ್ಟರ್ ಬೇರೆ ತರಹ ಕೇಳಿದರು. ಹಲಸಿನ ಹಣ್ಣು ಎತ್ತಿದ ದಿನದ ನೋವು ಹದಿನಾರಾಣೆ, ಇವತ್ತು ಎಷ್ಟಾಣೆ? ಅಮ್ಮ ಒಂದು ಕ್ಷಣ ಯೋಚಿಸಿ ಹನ್ನೆರಡು ಅಂದರು. ಹೊರಳಿದಾಗ? ಹದಿನಾಲ್ಕು. ಅವತ್ತಿನಿಂದ ಒಂದು ನೋಟ್‌ಬುಕ್ಕು ಶುರುವಾಯಿತು, ಎಡಗಡೆ ಹೊತ್ತು, ಬಲಗಡೆ ಆಣೆ. ಅದನ್ನು ನೋಡಿಯೇ ಅವರು ಮಾತ್ರೆಯ ಹೊತ್ತು ಬದಲಾಯಿಸಿದರು. ನಾವು ನೋವು ಬಂದ ಮೇಲೆ ಮಾತ್ರೆ ಕೊಡುತ್ತಿದ್ದೆವು. ಅವರು ನಡೆಸುವ ಮುಕ್ಕಾಲು ಗಂಟೆ ಮುಂಚೆ ಕೊಡಿಸಿದರು. ಮಾತ್ರೆ ಅದೇ, ಅಳತೆ ಅದೇ. ಒಂದು ವಾರಕ್ಕೆ ಹನ್ನೆರಡಾಣೆ ಎಂಟಾಣೆಗೆ ಬಂತು.

ಮಲಗಿಸಿ ಮಲಗಿಸಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅಂದುಕೊಂಡಿದ್ದ ನಮಗೆ ಸಿಸ್ಟರ್ ಸರಿಯಾಗಿ ಬೈದರು. ಈ ವಯಸ್ಸಿನಲ್ಲಿ ಮಲಗಿದಷ್ಟೂ ಮೂಳೆ ಇನ್ನೂ ಸವೆಯುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಬೆನ್ನಿಗೆ ಹುಣ್ಣು ಬೀಳುತ್ತದೆ. ಬೆನ್ನು ಮುರಿದು ಯಾರೂ ಸಾಯುವುದಿಲ್ಲ, ಮಲಗಿ ಸಾಯುತ್ತಾರೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಅತ್ತಿಗೆಗೆ ಈ ಮಾತು ಇಷ್ಟ ಆಗಲಿಲ್ಲ. ನನಗೆ ಆಯಿತು. ಎಚ್ಚರ ಇದ್ದಾಗ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸುವುದು. ಎರಡು ಗಂಟೆಗೊಮ್ಮೆ ಮಗ್ಗುಲು. ಉಸಿರಾಟದ ವ್ಯಾಯಾಮಕ್ಕೆ ಮೂರು ಬಣ್ಣದ ಚೆಂಡಿನ ಡಬ್ಬಿ ಕೊಟ್ಟಿರುತ್ತಾರಲ್ಲ ಆಸ್ಪತ್ರೆಯಲ್ಲಿ, ಅಮ್ಮ ಅದನ್ನು ಅಷ್ಟು ದಿನ ಒಲೆ ಊದಿದ ಹಾಗೆ ಊದುತ್ತಿದ್ದರು. ಊದುವುದಲ್ಲ, ಎಳನೀರು ಹೀರಿದ ಹಾಗೆ ಉಸಿರು ಎಳೆದುಕೊಳ್ಳಬೇಕು! ನಾವು ಯಾರೂ ನೋಡಿರಲಿಲ್ಲ.

ಮೂರನೇ ದಿನ ಬಾಲದ ಮೂಳೆಯ ಮೇಲೆ ಒಂದು ಕೆಂಪು ಮಚ್ಚೆ ಕಂಡಿತು, ನಾಲ್ಕಾಣೆ ಅಗಲ ಇರಬಹುದು. ಸಿಸ್ಟರ್ ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಸದ್ಯ ಅಂದರು. ಒತ್ತಿದಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥವಂತೆ. ಉಜ್ಜಬೇಡಿ, ಆ ಜಾಗಕ್ಕೆ ಭಾರ ಬೀಳದ ಹಾಗೆ ಮಲಗಿಸಿ ಅಂದರು. ದಿನಾ ಸ್ನಾನದ ಹೊತ್ತಿಗೆ ಬೆನ್ನು, ಹಿಮ್ಮಡಿ, ಬ್ರೇಸಿನ, ಅಂದರೆ ಬೆನ್ನು ಅಲ್ಲಾಡದ ಹಾಗೆ ಕಟ್ಟುವ ಪಟ್ಟಿಯ, ಅಂಚು ತಾಗುವ ಪಕ್ಕೆ ನೋಡುವುದು ಹುಡುಗಿಯ ಕೆಲಸವಾಯಿತು.

ಬ್ರೇಸಿನ ಕಥೆ ಬೇರೆ. ಊರಿನ ಒಂದು ಸರ್ಜಿಕಲ್ ಅಂಗಡಿಯಲ್ಲಿ ನಾನು ತಂದಿದ್ದೆ. ಅಳತೆ ಕೇಳಲಿಲ್ಲ, ಹೆಂಗಸರಿಗಾ ಅಂತ ಕೇಳಿ ಮೀಡಿಯಮ್ ಕೊಟ್ಟರು. ಅಮ್ಮ ಕೂತರೆ ಅದು ಕಂಕುಳಕ್ಕೆ ಒತ್ತುತ್ತಿತ್ತು, ಹೊಟ್ಟೆ ಹತ್ತಿರ ಬುಟ್ಟಿ ಹಾಗೆ ನಿಂತಿತ್ತು. ಸಿಸ್ಟರ್ ನೋಡಿ, ಇದನ್ನು ಹಾಕುವುದೂ ಒಂದೇ ಬಿಡುವುದೂ ಒಂದೇ ಅಂದರು. ಟೇಪ್ ಹಿಡಿದು ಅಳತೆ ಬರೆದುಕೊಟ್ಟರು. ಅಂಗಡಿಯವನು ಬಳಸಿದ್ದು ವಾಪಸ್ ಇಲ್ಲ ಅಂದ. ಹೊಸದು ತಂದೆವು, ಹಳೆಯದು ಅಣ್ಣನ ಮನೆಯ ಅಟ್ಟದಲ್ಲಿದೆ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ. ಹಾಕುವ ಕ್ರಮವೂ ನಮಗೆ ಗೊತ್ತಿರಲಿಲ್ಲ. ಒಳಗೆ ತೆಳು ಹತ್ತಿ ಬನಿಯನ್ನು, ಸುಕ್ಕಿಲ್ಲದ ಹಾಗೆ. ಮಲಗಿದಲ್ಲೇ ಹೊರಳಿಸಿ ಹಾಕಿ, ಆಮೇಲೆ ಏಳಿಸಬೇಕು. ಪಟ್ಟಿ ಬಿಗಿದ ಮೇಲೆ ಎರಡು ಬೆರಳು ಒಳಗೆ ಹೋಗಬೇಕು. ರಾತ್ರಿ ತೆಗೆದುಬಿಡಬೇಕು. ಡಾಕ್ಟರ್ ಎಂಟು ವಾರ ಅಂದಿದ್ದರು, ಅದಕ್ಕಿಂತ ಜಾಸ್ತಿ ಬೇಡ, ಬೆನ್ನಿನ ಸ್ನಾಯು ಸೋಮಾರಿ ಆಗುತ್ತವೆ ಅಂತ ಸಿಸ್ಟರ್ ಎರಡು ಮೂರು ಸಲ ನೆನಪಿಸಿದರು. ಅಮ್ಮ ಅದಕ್ಕೆ ರಾಣಿ ಕವಚ ಅಂತ ಹೆಸರಿಟ್ಟಿದ್ದರು.

ಇನ್ನು ಔಷಧಿ. ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿ ಎಂಟು ಪೊಟ್ಟಣ ಬರೆದಿದ್ದರು. ವಾರಕ್ಕೊಂದು. ನಾನು ದಿನಕ್ಕೊಂದರಂತೆ ಎರಡು ಕೊಟ್ಟುಬಿಟ್ಟಿದ್ದೆ, ಮೂರನೆಯದು ಹಾಲಿಗೆ ಹಾಕುವಾಗ ಸಿಸ್ಟರ್ ಕೈ ಹಿಡಿದರು. ಡಾಕ್ಟರ್‌ಗೆ ತಿಳಿಸಿದರು, ಏನೂ ಆಗುವುದಿಲ್ಲ, ಇನ್ನು ಸರಿಯಾಗಿ ಕೊಡಿ ಅಂದರು. ದಿನಾ ಕೊಡುತ್ತಾ ಹೋಗಿದ್ದರೆ ಕ್ಯಾಲ್ಸಿಯಂ ಏರಿ ವಾಂತಿ, ಕಿಡ್ನಿ ತೊಂದರೆ ಅಂತ ಬೇರೆ ರಾಮಾಯಣ. ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆ, ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಇದನ್ನು ಮೆಡಿಕಲ್ ಶಾಪಿನವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಎರಡು ಮೂಳೆ ಕುಸಿದಿದ್ದರಿಂದ ಡಾಕ್ಟರ್ ಹೊಸ ಮೂಳೆ ಕಟ್ಟುವ ಔಷಧಿ ಟೆರಿಪ್ಯಾರಟೈಡ್ ಶುರು ಮಾಡಿದರು. ದಿನಕ್ಕೆ 20 ಮೈಕ್ರೋಗ್ರಾಂ, ಚರ್ಮದ ಕೆಳಗೆ, ಪೆನ್ನಿನ ತರಹದ ಇಂಜೆಕ್ಷನ್. ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಕೊಡುವುದಿಲ್ಲ, ಮುಗಿದ ಮೇಲೆ ಬೇರೆ ಔಷಧಿ ಮುಂದುವರಿಸಬೇಕು, ಇಲ್ಲದಿದ್ದರೆ ಗಳಿಸಿದ ಮೂಳೆ ಮತ್ತೆ ಹೋಗುತ್ತದೆ. ಚುಚ್ಚುವುದಕ್ಕೆ ದಿನಾ 600 ಕೊಟ್ಟು ಸಿಸ್ಟರ್ ಕರೆಸಿ ಅಂತ ಏಜೆನ್ಸಿ ಹೇಳಿತು. ಸಿಸ್ಟರೇ ಬೇಡ ಅಂದರು! ನಾಲ್ಕು ದಿನದಲ್ಲಿ ನನಗೆ ಕಲಿಸಿದರು, ಐದನೇ ದಿನ ಅಮ್ಮನಿಗೇ ಕಲಿಸಿದರು. ಮೊದಮೊದಲು ತಲೆ ಸುತ್ತಬಹುದು, ಕೂತೇ ತಗೊಳ್ಳಿ ಅಂದರು. ಪೆನ್ನು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಶುರು ಮಾಡಿ 28 ದಿನಕ್ಕೆ ಒಳಗೆ ಔಷಧಿ ಉಳಿದಿದ್ದರೂ ಎಸೆಯಬೇಕು. ಅದನ್ನು ಕೇಳಿ ನಾನು ನಕ್ಕೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಫ್ರಿಜ್ಜು ಬಟ್ಟೆ ಇಡುವ ಕಪಾಟಿನ ಹಾಗೆ. ಸಿಸ್ಟರ್ ನಗಲಿಲ್ಲ. ಥರ್ಮಾಸ್ ಇದೆಯಾ, ಐಸ್ ಪ್ಯಾಕ್ ಇದೆಯಾ, ಪೆನ್ನಿಗೆ ಐಸ್ ನೇರ ತಾಗಬಾರದು, ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ, ಬಟ್ಟೆ ಸುತ್ತಿ ಇಡಿ, ಹತ್ತಿರದಲ್ಲಿ ಯಾರ ಮನೆಯಲ್ಲಿ ಜನರೇಟರ್ ಇದೆ, ಎಲ್ಲ ಕೇಳಿ ಬರೆದುಕೊಂಡರು. ನಮ್ಮ ಪಕ್ಕದ ಊರಿನ ಡೈರಿಯಲ್ಲಿ ಜನರೇಟರ್ ಇದೆ, ಅದು ನನಗೆ ಹೊಳೆದೇ ಇರಲಿಲ್ಲ.

ಊಟದ ವಿಷಯದಲ್ಲಿ ಮಾತ್ರ ಅಮ್ಮ ಸಿಸ್ಟರ್ ಮಾತು ಅರ್ಧ ಕೇಳಿದರು. ಸಿಸ್ಟರ್ ರಾಗಿ ಅನ್ನುತ್ತಾರೆ, 100 ಗ್ರಾಂನಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ನಮ್ಮ ಕಡೆ ಅನ್ನ, ಕಡುಬು, ಮತ್ತೆ ಅನ್ನ. ಮುದ್ದೆ ನುಂಗುವುದಕ್ಕೆ ಬರುವುದಿಲ್ಲ ಅಂತ ಅಮ್ಮನ ಹಟ. ಕೊನೆಗೆ ರಾಗಿ ಮಜ್ಜಿಗೆ ಅಂಬಲಿ, ಎಳ್ಳಿನ ಚಟ್ನಿಪುಡಿಗೆ ರಾಜಿ ಆಯಿತು. ಪತ್ರೊಡೆಯಲ್ಲೂ ಸೊಪ್ಪಿದೆಯಲ್ಲ ಅಂತ ಅಮ್ಮ ವಾದ ಮಾಡಿದರು. ಪತ್ರೊಡೆಗೆ ಹಾಕುವ ಕೆಸುವಿನ ಎಲೆಯಲ್ಲಿ ಆಕ್ಸಲೇಟ್ ಜಾಸ್ತಿ, ಕ್ಯಾಲ್ಸಿಯಂ ಇದ್ದರೂ ಮೈಗೆ ಸಿಗುವುದು ಕಮ್ಮಿ. ರುಚಿಗೆ ತಿನ್ನಿ, ಲೆಕ್ಕಕ್ಕೆ ಹಿಡಿಯಬೇಡಿ ಅಂದರು.

ಈ ನಡುವೆ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ನೋಡಲು ಬಂದಿದ್ದರು. ಅವರೂ ಮೂಳೆಗೆ ವಾರಕ್ಕೊಂದು ಮಾತ್ರೆ ತಗೊಳ್ಳುತ್ತಾರೆ, ಅಲೆಂಡ್ರೋನೇಟ್ 70. ಹೇಗೆ ತಗೊಳ್ಳುತ್ತೀರಿ ಅಂತ ಸಿಸ್ಟರ್ ಸುಮ್ನೆ ಕೇಳಿದರು. ಭಾನುವಾರ ಬೆಳಿಗ್ಗೆ ಬಿಸಿ ಕಾಫಿ ಜೊತೆ, ಆಮೇಲೆ ಸ್ವಲ್ಪ ಅಡ್ಡಾಗುತ್ತೇನೆ. ಒಂದು ವರ್ಷದಿಂದ ಹೀಗೆ! ಅದನ್ನು ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ, ಮಲಗದೆ ಇರಬೇಕು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಕೂತು ಸುಡುತ್ತದೆ. ಸರಿಯಾಗಿ ತಗೊಂಡರೇ ಮೈಗೆ ಸೇರುವುದು ನೂರಕ್ಕೆ ಒಂದು ಪಾಲೂ ಇಲ್ಲ, ಕಾಫಿ ಜೊತೆಗೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಹೋಯಿತು. ಅತ್ತೆಗೆ ಎದೆಯುರಿ ಯಾಕೆ ಬರುತ್ತಿತ್ತು ಅಂತಲೂ ಅವತ್ತೇ ಗೊತ್ತಾಯಿತು. ಅದಕ್ಕೆ ಬೇರೆ ಗ್ಯಾಸ್ ಮಾತ್ರೆ ನುಂಗುತ್ತಿದ್ದರು.

ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಸ್ಟರ್ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದು ಹೀಗಿತ್ತು: ಕಾಲಿಗೆ ಶಕ್ತಿ ಕಮ್ಮಿಯಾದರೆ, ತೊಡೆ ಸಂದಿ ಜೋಮು ಹಿಡಿದರೆ, ಉಚ್ಚೆ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ನನಗೆ ಫೋನ್ ಮಾಡಬೇಡಿ, 108ಕ್ಕೆ ಮಾಡಿ. ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೇ ಜಾಸ್ತಿ ನೋವು, ಇವು ಕಂಡರೆ ಡಾಕ್ಟರ್‌ಗೆ ಹೇಳಿ, ಬೆನ್ನುಮೂಳೆ ಕುಸಿಯುವುದಕ್ಕೆ ಟಿಬಿ, ಕ್ಯಾನ್ಸರ್ ಕೂಡ ಕಾರಣ ಇರಬಹುದು. ನಮಗೆ ಯಾವುದೂ ಬೇಕಾಗಲಿಲ್ಲ.

ಈಗ ಬೈಗುಳ. ಒಂದು ವಾರ ಸಿಸ್ಟರ್ ರಜೆ ಇದ್ದಾಗ ಬದಲಿಗೆ ಬಂದವರು ಬಿಪಿ ನೋಡಿ, ಮೊಬೈಲ್ ನೋಡಿ, ಹತ್ತು ನಿಮಿಷದಲ್ಲಿ ಹೊರಟರು, ಅದಕ್ಕೂ 600. ನೋಟ್‌ಬುಕ್ಕು ತೆರೆದೂ ನೋಡಲಿಲ್ಲ. ಭಾನುವಾರ ಯಾರೂ ಬರುವುದಿಲ್ಲ ಅಂತ ಮೊದಲೇ ಹೇಳಿರಲಿಲ್ಲ. ಜೋರು ಮಳೆ ಬಂದರೆ ಫೋನ್ ಎತ್ತುವುದಿಲ್ಲ. ಆರು ದಿನದ ನರ್ಸ್ ದರದಲ್ಲಿ ಅರ್ಧ ವಾಪಸ್ ಕೊಡಲು ಒಂದು ತಿಂಗಳು ಓಡಾಡಿಸಿದರು.

ಅಕ್ಟೋಬರ್ ಕೊನೆಗೆ ಊರಿಗೆ ಹೊರಟೆವು. ಸಿಸ್ಟರ್ ಒಂದು ದಿನ ಮನೆ ನೋಡಲು ಬಂದರು, ಹೋಗಿಬರುವ ಖರ್ಚು ಸೇರಿ ಏಜೆನ್ಸಿ 2,500 ತಗೊಂಡಿತು. ಇಡೀ ಮೂರು ತಿಂಗಳಲ್ಲಿ ದುಡ್ಡಿಗೆ ತಕ್ಕ ಕೆಲಸ ಇದೇ ಅನ್ನುತ್ತೇನೆ. ಅವರು ಅಮ್ಮನ ಹಿಂದೆಯೇ ನಡೆದರು. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತೀರಿ, ತೋರಿಸಿ. ಬಚ್ಚಲಿಗೆ. ಹೊಸಿಲು ಎತ್ತರ, ಕತ್ತಲು, ಹಂಡೆಯಿಂದ ನೀರು ತೋಡಲು ಬಗ್ಗಬೇಕು. ಹಂಡೆ ಪಕ್ಕ ಎತ್ತರದ ಸ್ಟೂಲಿನ ಮೇಲೆ ಬಕೆಟ್ ಇಡಿಸಿ, ನಲ್ಲಿ ಹಾಕಿಸಿ ಅಂದರು. ಗೋಡೆಗೆ ಹಿಡಿಕೆ, ರಾತ್ರಿ ಉರಿಯುವ ಚಾರ್ಜರ್ ಲೈಟು. ಅಂಗಳದ ಪಾಚಿ ನೋಡಿ, ಇದಕ್ಕೇನು ಮಾಡುತ್ತೀರಿ ಅಂದರು. ಮಳೆಗಾಲದಲ್ಲಿ ಅಡಿಕೆ ಸೋಗೆ ಹಾಸುತ್ತೇವೆ ಅಂದೆ. ಒಳ್ಳೇದು ಅಂದರು, ಒಂದು ಸೋಗೆಯ ಮೇಲೆ ತಾವೇ ಕಾಲಿಟ್ಟು ಜಾರಿಸಿ ನೋಡಿದರು, ಆದರೆ ಕೊಳೆತ ಮೇಲೆ ಇದೇ ಜಾರುತ್ತದೆ, ಬೇಗ ಬದಲಿಸಿ ಅಂದರು. ಅಮ್ಮ ನೆಲದ ಮೇಲೆ ಚಾಪೆ ಹಾಸಿ ಮಲಗುವವರು, ಅದು ಬಂದ್. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಬಗ್ಗಿ ಕೂರುವುದೂ ಬಂದ್. ಅದಕ್ಕೆ ಅಮ್ಮ ಅತ್ತರು, ಸಿಸ್ಟರ್ ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಆಮೇಲೆ, ಮೇಜಿನ ಮೇಲೆ ಅಡಿಕೆ ಆರಿಸುವ ಕೆಲಸ ಇರುತ್ತದಲ್ಲಾ ಅಂದರು.

ಸ್ಟಾರ್ ಲೆಕ್ಕ ಕೇಳಿದರೆ ಸಿಸ್ಟರ್‌ಗೆ ಐದು, ಹುಡುಗಿಗೆ ನಾಲ್ಕು, ಏಜೆನ್ಸಿಗೆ ಎರಡೂವರೆ. ನೀವು ಕರೆಸುವುದಾದರೆ ರಿಜಿಸ್ಟ್ರೇಷನ್ ನಂಬರ್ ಕೇಳಿ, ನರ್ಸ್ ಬೇರೆ ಕೇರ್‌ಟೇಕರ್ ಬೇರೆ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಭಾನುವಾರದ ವಿಷಯ ಮೊದಲೇ ಮಾತಾಡಿ. ಮೊದಲ ದಿನ ಬಂದವರು ರೋಗಿಯನ್ನು ಹೊರಳಿಸುವುದು ಹೇಗೆ ಅಂತ ನಿಮಗೆ ಕಲಿಸದಿದ್ದರೆ ಅವತ್ತೇ ಬದಲಾಯಿಸಿ.

ಅಮ್ಮ ಈಗ ಕೋಲು ಹಿಡಿದು ತೋಟದ ಅಂಚಿನವರೆಗೆ ಹೋಗಿ ಬರುತ್ತಾರೆ, ಎರಡಾಣೆ ಅಂತ ಈಗಲೂ ಬರೆದಿಡುತ್ತಾರೆ. ಅತ್ತೆ ಮಾತ್ರೆಯನ್ನು ನೀರಿನಲ್ಲಿ ತಗೊಳ್ಳುತ್ತಿದ್ದಾರೆ, ಎದೆಯುರಿ ಇಲ್ಲ. ಭಾನುವಾರದ ಕಾಫಿ ಅರ್ಧ ಗಂಟೆ ತಡವಾಗುತ್ತದೆ ಅಂತ ವಾರ ವಾರ ಫೋನ್ ಮಾಡಿ ನನ್ನನ್ನು ಬೈಯುತ್ತಾರೆ.